ಕುಂಕುಮದಡಿಯ ಓವರ್‌ಡ್ರೈವ್

ಅದಿರಿನ ವ್ಯಾಪಾರ ಜೋರಾಗಿದ್ದ ಆ ವರ್ಷಗಳಲ್ಲಿ ನಮ್ಮ ಕಡೆ ಟಿಪ್ಪರ್ ಲಾರಿ ಇಲ್ಲದವನನ್ನು ಯಾರೂ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಸಂಡೂರಿನ ಅದಿರು ಹೊರಲು ಮಂದಿ ಗದ್ದೆ ಮಾರಿ ಟಿಪ್ಪರ್ ತಂದರು. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದ ನನ್ನಪ್ಪನಿಗೂ ಆ ಗಾಳಿ ಬಡಿಯಿತು. ಎರಡೇ ಸೀಟಿನ, ಚಾವಣಿಯಿಲ್ಲದ ನಮ್ಮ ಹಳೆಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರು ಕೊಟ್ಟು ಟಿಪ್ಪರ್ ತರುವುದೆಂದು ಹೊಸಪೇಟೆಯ ದಲ್ಲಾಳಿಯೊಡನೆ ಮಾತಾಡಿಕೊಂಡು ಬಂದ. ನನಗೆ ಹೊಟ್ಟೆ ಉರಿದುಹೋಯಿತು. ನಾನು ಡ್ರೈವಿಂಗ್ ಕಲಿತದ್ದೇ ಆ ಕಾರಿನಲ್ಲಿ.

ಜೋರಾಗಿ ಓಡಿಸಿದರೆ ಇಂಜಿನ್ ಕಿರುಚುತ್ತದೆ ಎಂಬುದೇ ಅಪ್ಪನ ದೂರು. "ನಾಕನೇ ಗೇರಿನ ಮ್ಯಾಲೆ ಗೇರಿಲ್ಲ, ಇದೆಂಥಾ ರೇಸಿನ ಗಾಡಿ?" ಎನ್ನುತ್ತಿದ್ದ.

ಕೊಡುವ ಮುನ್ನಾದಿನ ಕಾರು ತೊಳೆಯಲು ಕುಳಿತೆ. ಆಯುಧ ಪೂಜೆ ಬಂತೆಂದರೆ ನಮ್ಮಲ್ಲಿ ತಕ್ಕಡಿಯಿಂದ ಕಾರಿನವರೆಗೆ ಎಲ್ಲಕ್ಕೂ ವಿಭೂತಿ, ಕುಂಕುಮ. ಡ್ಯಾಶ್‌ಬೋರ್ಡಿನಲ್ಲಿ ಒಂದು ಕಡೆ ಅಜ್ಜಿ ಪ್ರತಿ ವರ್ಷ ಬಳಿದು ಬಳಿದು ಕುಂಕುಮ ಗಟ್ಟಿ ಗಂಟಾಗಿತ್ತು. ನನ್ನ ಜಡೆಯ ಹೇರ್‌ಪಿನ್ನಿನಿಂದ ಕೆರೆದರೆ ಒಳಗೊಂದು ಸ್ವಿಚ್! ಪಕ್ಕದಲ್ಲಿ ಓವರ್‌ಡ್ರೈವ್ ಎಂಬ ಇಂಗ್ಲಿಷ್ ಅಕ್ಷರಗಳು. ಅಲ್ಲೇ ಕುಣಿದುಬಿಟ್ಟೆ. ಅದನ್ನು ಹಾಕಿದರೆ ವೇಗ ಅಷ್ಟೇ ಇದ್ದು ಇಂಜಿನ್ ಮಾತ್ರ ನಿಧಾನವಾಗುತ್ತದೆಂದು ಆಟೊಮೊಬೈಲ್ ಡಿಪ್ಲೊಮಾದಲ್ಲಿ ಓದಿದ್ದೆ. ಅದಕ್ಕೆ ಪೂಜೆ ಮಾಡಿದ್ದೆವೇ ಹೊರತು ಒಮ್ಮೆಯೂ ಬಳಸಿರಲಿಲ್ಲ. ಈಗಲೂ ಕೆಲಸ ಮಾಡುತ್ತದೋ ಇಲ್ಲವೋ ದೇವರೇ ಬಲ್ಲ; ಅದಕ್ಕೇ ಅಪ್ಪನಿಗೆ ಹೇಳಲು ಹೋಗಲಿಲ್ಲ.

ಮರುದಿನ ಹಟ ಹಿಡಿದು, ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊಸಪೇಟೆಗೆ ನಾನೇ ಓಡಿಸಿದೆ. ಬಾಳೆತೋಟಗಳ ನಡುವೆ ನೆಟ್ಟನೆಯ ರಸ್ತೆ ಸಿಕ್ಕಾಗ ನಾಲ್ಕನೇ ಗೇರಿನಲ್ಲಿ ಎಕ್ಸಲರೇಟರ್ ಒತ್ತಿದೆ. ಇಂಜಿನ್ ಅರಚತೊಡಗಿತು. "ಸಾಕ್ಲೇ, ಸಾಕು!" ಎಂದು ಅಪ್ಪ ಬಾಗಿಲು ಹಿಡಿದುಕೊಂಡ. ಕ್ಲಚ್ ಮುಟ್ಟದೆ ಸ್ವಿಚ್ ಹಾಕಿದೆ. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಕಾರು ಮೆಲ್ಲಗೆ ತೂಗಿದಂತಾಗಿ ಅರಚಾಟ ನಿಂತೇಹೋಯಿತು.

"ಏನ್ ಮಾಡಿದ್ಲೇ? ಇಂಜಿನ್ ಬಂದ್ ಆತು!"

"ಬಂದ್ ಆಗಿಲ್ಲಪ್ಪಾ, ಮುಳ್ಳು ನೋಡು!"

ವೇಗದ ಮುಳ್ಳು ಕದಲಿರಲಿಲ್ಲ. ಅಪ್ಪ ಮುಳ್ಳು ನೋಡಿದ, ರಸ್ತೆ ನೋಡಿದ, ನನ್ನ ಮುಖ ನೋಡಿದ. ನನಗೆ ನಗು, ಅಳು ಎರಡೂ ಒಟ್ಟಿಗೇ ಬಂದವು.

"ಇನ್ನೊಮ್ಮೆ ಹಾಕು."

ತೆಗೆದೆ, ಮತ್ತೆ ಹಾಕಿದೆ. ಕಮಲಾಪುರ ಬರುವಷ್ಟರಲ್ಲಿ ಸ್ವಿಚ್ಚಿನ ಮೇಲೆ ಅಪ್ಪನ ಬೆರಳೇ ಇತ್ತು. ನಾನು ಎಷ್ಟು ಬೈದರೂ ಬೆರಳು ತೆಗೆಯಲಿಲ್ಲ. ಆದರೂ ಟಿಪ್ಪರ್ ಬೇಡವೆಂದೇನೂ ಹೇಳಲಿಲ್ಲ; ನಾನು ಹೊಸಪೇಟೆಯ ಕಡೆಗೇ ಓಡಿಸಿದೆ.

ಹೊಸಪೇಟೆಯಲ್ಲಿ ದಲ್ಲಾಳಿ ಟಿಪ್ಪರಿಗೆ ಹೂವಿನ ಹಾರ ಹಾಕಿಸಿ ಕಾಯುತ್ತಿದ್ದ. "ಬರ್ರಿ ಯಜಮಾನ್ರ, ಭಾಳ ಮಸ್ತ್ ಗಾಡಿ ಐತ್ರಿ!"

ಅಪ್ಪ ಕೂತಲ್ಲಿಂದಲೇ ಕೇಳಿದ: "ಜೋರ್ ಓಡೋವಾಗ ಸುಮ್ನಾಗ್ತೈತೇನ್ರಿ ಇದು?"

ದಲ್ಲಾಳಿ ತಬ್ಬಿಬ್ಬಾದ. "ನಿಲ್ಲಿಸಿದ್ರ ಸುಮ್ನಾಗ್ತೈತ್ರಿ."

"ನಿಲ್ಲಿಸಿದ್ರ ನಮ್ಮ ಗಿರಣೀನೂ ಸುಮ್ನಾಗ್ತೈತಿ," ಎಂದು ಅಪ್ಪ ಇಳಿದು, ಸುತ್ತಿ ಬಂದು ನನ್ನ ಕಡೆಯ ಬಾಗಿಲು ತೆಗೆದ. "ಲೇ, ನೀ ಆ ಕಡೆ ಸರಿ. ಹಂಪಿಗೆ ಹೋಗಿ ಬರೂಣು."