ಎಡೆ ಇಟ್ಟ ಕೋಣೆಯ ಕದ

ಇಂಥ ಸಂಗತಿಗಳನ್ನು ನಾನು ನಂಬಿದವಳಲ್ಲ. ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿದವಳು. ಸತ್ತವರು ಬಂದಿದ್ದರು, ಬಾಗಿಲು ಬಡಿದರು ಎಂದು ಯಾರಾದರೂ ಹೇಳಿದರೆ ನಕ್ಕು, ಚಹಾ ಸೋಸಲು ಒಳಗೆ ಹೋಗಿಬಿಡುತ್ತಿದ್ದೆ. ಈಗಲೂ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೆ.

ಕೆಲವು ವರ್ಷಗಳ ಹಿಂದೆ, ಬೇಸಿಗೆಯಲ್ಲಿ, ನನ್ನ ತಂಗಿ ಸುಮಾ ಜ್ವರದಿಂದ ತೀರಿಕೊಂಡಳು. ಅವಳನ್ನು ಸಿರುಗುಪ್ಪಕ್ಕೆ ಕೊಟ್ಟಿದ್ದೆವು. ಮಗಳು ಚಿನ್ನುವಿಗೆ ಆಗ ಹಾಲುಹಲ್ಲು ಕೂಡ ಬಿದ್ದಿರಲಿಲ್ಲ. ಅವಳ ಅಪ್ಪ ದುಡಿಮೆಗೆಂದು ದೂರದೂರಿನಲ್ಲಿದ್ದ, ಮಗು ಅಜ್ಜಿಯ ಕೈಯಲ್ಲಿತ್ತು. ನನಗೆ ಮಕ್ಕಳಿಲ್ಲ. ಮಗುವನ್ನು ಬಳ್ಳಾರಿಗೆ ತಂದು ನಾನೇ ಸಾಕಬೇಕೆಂದು ಗಟ್ಟಿಮಾಡಿಕೊಂಡಿದ್ದೆ. ಕುರುಗೋಡಿನಲ್ಲಿದ್ದ ಅವ್ವನೂ ಹೂಂ ಅಂದಿದ್ದಳು. ದಸರೆಗೆ ಮುಂಚಿನ ಅಮಾವಾಸ್ಯೆ, ಹಿರಿಯರಿಗೆ ಎಡೆ ಇಡುವ ದಿನ, ನಾನೂ ನನ್ನ ಗಂಡನೂ ಸಿರುಗುಪ್ಪಕ್ಕೆ ಹೊರಟೆವು. ಸುಮಾಳ ಹೆಸರಿನಲ್ಲಿ ಇಡಲು ಹಸಿರು ರೇಷ್ಮೆ ಸೀರೆ ಕೊಂಡಿದ್ದೆ. ಕಾರಿನಲ್ಲಿ ಒಂದು ಸೂಟ್‌ಕೇಸೂ ಇತ್ತು. ಸುಮಾಳ ಅತ್ತೆ ನೀಲವ್ವನ ಕಣ್ಣು ಮೊದಲು ಬಿದ್ದದ್ದೇ ಅದರ ಮೇಲೆ.

"ಬಳ್ಳಾರಿ ಅಕ್ಕಾರು ಪೆಟ್ಟಿಗಿ ತಂದಾರಲ್ಲ. ಏನೈತ್ರಿ ಅದರಾಗ?"

"ಏನಿಲ್ರಿ ಅತ್ತಿ, ಖಾಲಿ ಐತಿ."

"ಹಂಗಾರ ತುಂಬಾಕ ತಂದೀರಿ."

ಅಡುಗೆಮನೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಮಾಡಿಯೇ ಕೆಲಸ ಮಾಡಿದೆವು. ನಾನು ಕಟ್ಟಿದ ಹೂರಣದ ಉಂಡೆಗಳನ್ನು ಅವರು ಬೆರಳಿನಿಂದ ಒತ್ತಿ ನೋಡಿದರು. "ಇಷ್ಟು ಸಣ್ಣವಾ? ನಮ್ಮ ಸುಮಾ ಹಿಂಗ ಕಟ್ಟುತಿದ್ದಿಲ್ಲ." ಆ 'ನಮ್ಮ ಸುಮಾ' ಕೇಳಿ ನನ್ನ ಕಿವಿ ಬಿಸಿಯಾಯಿತು. ಬದುಕಿದ್ದಾಗ ಇದೇ ಬಾಯಿ ಅವಳನ್ನು ದೊರೆಸಾನಿ ಎಂದು ಚುಚ್ಚುತ್ತಿತ್ತು. ಊಟವಾದ ಮೇಲೆ ಮಗುವಿನ ಮಾತು ಎತ್ತಬೇಕು, ಎದುರು ಮಾತಾಡಿದರೆ ಬಿಡಬಾರದು ಎಂದುಕೊಂಡೆ.

ಎಡೆ ಇಟ್ಟ ಮೇಲೆ ಎಲ್ಲರೂ ಹೊರಗೆ ಬಂದು ಕದ ಮುಚ್ಚುವುದು ರೂಢಿ. ಹೋದವರು ಯಾರ ಕಣ್ಣೂ ಬೀಳದೆ ಉಣ್ಣಬೇಕು. ಸ್ವಲ್ಪ ಹೊತ್ತಾದ ಮೇಲೆ ಹೆಣ್ಣುಮಗಳೊಬ್ಬಳು ಕೆಮ್ಮಿ, ಕದ ತೆಗೆಯುತ್ತಾಳೆ. ನಾನು ತೆಗೆಯುತ್ತೇನೆ ಎಂದೆ.

"ತಗೀರಿ. ನಿಮ್ಮ ತಂಗಿ," ಎಂದರು ನೀಲವ್ವ.

ಎರಡು ಹಲಗೆಯ ಹಳೆಯ ಕದ. ಒಳಗಿನ ಚಿಲಕ ಎಂದೋ ಕಿತ್ತುಹೋಗಿ, ಮೊಳೆಯ ತೂತು ಮಾತ್ರ ಉಳಿದಿದ್ದನ್ನು ಎಡೆ ಇಡುವಾಗಲೇ ನೋಡಿದ್ದೆ. ಕೆಮ್ಮಿ, ನೂಕಿದೆ. ಅಲುಗಲಿಲ್ಲ. ಇನ್ನೊಮ್ಮೆ ನೂಕಿದೆ, ಬೆರಳು ತೂರುವಷ್ಟು ಸರಿದು, ಮೆಲ್ಲಗೆ ಹಿಂದಕ್ಕೆ ಬಂತು. ಬಿಗಿಯಾದ ಮರ ತಡೆಯುವ ರೀತಿ ಬೇರೆ, ಮನುಷ್ಯರು ಬೆನ್ನು ಕೊಟ್ಟು ನಿಂತಾಗ ತಡೆಯುವ ರೀತಿ ಬೇರೆ. ನಾನು ಬಲ ಹಾಕಿದರೆ ಅದೂ ಹಾಕುತ್ತಿತ್ತು, ನಾನು ಬಿಟ್ಟರೆ ಬಿಡುತ್ತಿತ್ತು. ಚಿಕ್ಕಂದಿನಲ್ಲಿ ಸಿಟ್ಟು ಬಂದಾಗ ಸುಮಾ ಹೀಗೇ ನಿಲ್ಲುತ್ತಿದ್ದಳು. ಸಂದಿಗೆ ಬಾಯಿಟ್ಟು, "ಏ ಸುಮಿ, ನಾನು," ಎಂದೆ.

ಹಲಗೆಗಳು ಫಟ್ಟನೆ ಕೂಡಿಕೊಂಡವು. ಸಂದಿಯಲ್ಲಿದ್ದ ಬೆರಳು ಸಿಕ್ಕಿ, ಉಗುರಿನ ಕೆಳಗೆ ರಕ್ತ ಕಟ್ಟಿತು. ಆ ಏಟಿನಲ್ಲಿ ಅಕ್ಕರೆಯ ಲವಲೇಶವೂ ಇರಲಿಲ್ಲ. ನಾನು ಹೇಳಬೇಕಾದದ್ದು ಮುಖ್ಯವಾಗಿ ಇದೇ.

ನನ್ನ ಗಂಡ ಬಂದು ಹೆಗಲು ಕೊಟ್ಟು ನೂಕಿದರು. "ಮಳಿ ನೀರಿಗೆ ಕದ ಉಬ್ಬೇತಿ," ಎಂದು ಕೈಬಿಟ್ಟರು. ಆಗ ನೀಲವ್ವ, ಸೊಂಟದ ಮೇಲೆ ಚಿನ್ನುವನ್ನು ಕೂಡಿಸಿಕೊಂಡು, "ಕದದ ಜೋಡಿ ಎಂಥಾ ಗುದ್ದಾಟರಿ ನಿಮದು," ಎನ್ನುತ್ತ ಬಂದು, ಕೈಯೆಲ್ಲ ಎಣ್ಣೆಯಾಗಿದ್ದರಿಂದ ಮೊಣಕೈಯಿಂದ ತಳ್ಳಿದರು. ತೆರೆಯಿತು.

ಒಳಗೆ ಯಾರೂ ಇರಲಿಲ್ಲ. ಕಿಟಕಿ ಮುಚ್ಚಿತ್ತು, ದೀಪ ನೆಟ್ಟಗೆ ಉರಿಯುತ್ತಿತ್ತು. ಎಲೆಯ ಮೇಲಿನ ಹೋಳಿಗೆ, ಪಲ್ಯ ಹಾಗೇ ಇದ್ದವು. ನೀಲವ್ವ ಇಟ್ಟಿದ್ದ ನೂಲಿನ ಸೀರೆ ಮೊರದಲ್ಲಿ ಮಡಿಕೆ ಮುರಿಯದೆ ಕೂತಿತ್ತು. ಅದರ ಮೇಲೆ ನಾನಿಟ್ಟಿದ್ದ ರೇಷ್ಮೆ ಸೀರೆ ಮಾತ್ರ ಹೊಸ್ತಿಲ ಹತ್ತಿರ, ಎಸೆದ ಹಾಗೆ ಬಿಚ್ಚಿಕೊಂಡು ಬಿದ್ದಿತ್ತು.

ನೀಲವ್ವನಿಗೆ ಗೆದ್ದ ಮುಖ ಬಂದಿರಬೇಕು ಎಂದು ತಿರುಗಿ ನೋಡಿದೆ. ಅವರ ತುಟಿ ಒಣಗಿತ್ತು. ಮಗುವಿನ ಮುಖವನ್ನು ಎದೆಗೆ ಒತ್ತಿ ಹಿಡಿದು, "ನಡೀರಿ ಹೊರಗ," ಎಂದಷ್ಟೇ ಹೇಳಿದರು. ಊಟಕ್ಕೆ ಕೂತಾಗ ನನ್ನ ಬೆರಳಿಗೆ ಅವರೇ ಅರಿಸಿನ ಕಟ್ಟಿದರು. ನಾನು ಮಗುವನ್ನು ಕೇಳದೆ ಬಳ್ಳಾರಿಗೆ ಮರಳಿದೆ. ಚಿನ್ನು ಅಲ್ಲೇ ಬೆಳೆಯುತ್ತಿದ್ದಾಳೆ.

ಇಲಿ ಎಳೆದಿರಬೇಕು ಎನ್ನುತ್ತಾರೆ ನನ್ನವರು. ಇರಬಹುದು. ಕದವೂ ಉಬ್ಬಿರಬಹುದು. ಆದರೆ ಆಸ್ಪತ್ರೆಯಲ್ಲಿ, ಕೊನೆಯ ಸಲ ಎಚ್ಚರವಿದ್ದಾಗ, ಸುಮಾ ನನ್ನ ಕೈ ಹಿಡಿದು, "ಅಕ್ಕಾ, ಚಿನ್ನೂನ ನೀನ ಒಯ್ಯಿ," ಎಂದಿದ್ದಳು. ಆ ಮಾತು ಅಂದವಳು ನನ್ನ ತಂಗಿ. ಹಾಗಾದರೆ ಕದದ ಆಚೆ ಬೆನ್ನು ಕೊಟ್ಟು ನಿಂತಿದ್ದವರು ಯಾರು?