ಬಂಡಿಯ ಹಿಂದೆ ಎರಡು ಬಡಿತ

ಐಲಿ ಕೊಸ್ಕೆಲಾಗೆ ಒಲೆ, ಹಾಸಿಗೆ, ಕಕ್ಕಸು ಎಲ್ಲ ಒಳಗೇ ಇದ್ದ ಆ ಮನೆ-ಬಂಡಿಯಲ್ಲಿ ಬಾರದ ಕೆಲಸವೆಂದರೆ ಒಂದೇ ಒಂದು. ವಾಷಿಂಗ್ಟನ್ ಕಡಲತೀರದ ತಿರುವುಗಳಲ್ಲಿ ಬಸ್ಸಿನಷ್ಟು ಉದ್ದದ ಬಂಡಿಯನ್ನು ಹಾಡು ಗುನುಗುತ್ತ ಓಡಿಸುವಳು. ಗ್ಯಾಸ್ ಸಿಲಿಂಡರ್ ಬದಲಿಸುವಳು, ಮಳೆಯಲ್ಲಿ ಮೇಲೆ ಹತ್ತಿ ಸೋರುವ ಕಡೆಗೆ ಟಾರು ಮೆತ್ತುವಳು. ಹರೆಯದಿಂದ ನರೆಗೂದಲಿನವರೆಗೆ ಕೊಲ್ಲಿಯ ದಡದ ಶೆಡ್ಡಿನಲ್ಲಿ ನಿಂತು ಸಿಂಪಿ ಒಡೆದು ಮಾಂಸ ಬಿಡಿಸಿದ ಕೈ ಅವಳದು. ಆದರೆ ಕಕ್ಕಸಿನ ಟ್ಯಾಂಕು ಖಾಲಿ ಮಾಡುವುದು ಮಾತ್ರ ಗೊತ್ತಿರಲಿಲ್ಲ.

ಬಂಡಿಯಲ್ಲಿ ಸಂಸಾರ ಹೂಡಿದವರ ನಡುವೆ ಒಂದು ಮಾತು ಚಾಲ್ತಿಯಲ್ಲಿದೆ: ನೀಲಿ ಕೆಲಸ, ಗುಲಾಬಿ ಕೆಲಸ. ನೀಲಿ ಗಂಡಸರದು, ಗುಲಾಬಿ ಹೆಂಗಸರದು. ಯಾರು ಹಂಚಿದರೋ ಗೊತ್ತಿಲ್ಲ, ಹಂಚಿದವರು ಗಂಡಸರೇ ಇರಬೇಕು. ಆದರೂ ಆ ಹಂಚಿಕೆಯಲ್ಲಿ ಅವರಿಗೇ ಕೊಳಕು ಪಾಲು ಬಂದದ್ದು ಕಂಡು ಹೆಂಗಸರು ಬಾಯಿ ಮುಚ್ಚಿಕೊಂಡು ಒಪ್ಪಿದ್ದರು. ಐಲಿಯ ಗಂಡ ರೈನೊನ ಕಣ್ಣಿಗೆ ಪೊರೆ ಬಂದ ಮೇಲೆ ಓಡಿಸುವ ನೀಲಿ ಕೆಲಸ ಇವಳಿಗೆ ಬಂತು. ಟ್ಯಾಂಕಿನ ಕೆಲಸವನ್ನು ಮಾತ್ರ ಅವನು ಜಪ್ಪಯ್ಯ ಅಂದರೂ ಬಿಟ್ಟುಕೊಡಲಿಲ್ಲ.

"ನೀನು ಸ್ಟೇರಿಂಗ್ ಹಿಡ್ಕೊಂಡು ರಾಣಿ ಥರ ಕೂತಿರು ಮಾರಾಯ್ತಿ. ಹಿಂದಿನ ರಾಜ್ಯ ನಂದು" ಅನ್ನುತ್ತಿದ್ದ.

ಬಂಡಿಯನ್ನು ಹಿಮ್ಮುಖವಾಗಿ ಟ್ಯಾಂಕು ಸುರಿಯುವ ಗುಂಡಿಯ ಬಳಿಗೆ ತರಬೇಕಾದಾಗ ಅವನು ಹಿಂದೆ ನಿಂತು ತಗಡಿನ ಗೋಡೆಯ ಮೇಲೆ ಬಡಿಯುತ್ತಿದ್ದ. ಎರಡು ಬಡಿದರೆ ಬಾ. ಒಂದು ಬಡಿದರೆ ನಿಲ್ಲು. ಅದು ಸಿಂಪಿ ದೋಣಿಯ ರೂಢಿ, ಅವನು ಹುಡುಗನಾಗಿದ್ದಾಗಲೇ ಕಲಿತದ್ದು. ಉಳಿದ ಬಂಡಿಯವರಿಗೆಲ್ಲ ಎರಡು ಬಡಿತ ಎಂದರೆ ನಿಲ್ಲು. ಒಮ್ಮೆ ಯಾರೋ ಪುಣ್ಯಾತ್ಮ ಸಹಾಯ ಮಾಡಲು ಹೋಗಿ ಎರಡು ಬಡಿದ. ಐಲಿ ಸೀದಾ ಹಿಂದೆ ಬಂದು ಅವನ ಊಟದ ಮೇಜನ್ನು, ಮೇಲಿದ್ದ ಸಾಸೇಜು ಸಮೇತ, ಚಪ್ಪಟೆ ಮಾಡಿದ್ದಳು. ರೈನೊ ಆ ಕಥೆಯನ್ನು ಹೋದಲ್ಲೆಲ್ಲ ಹೇಳಿ ನಗುತ್ತಿದ್ದ.

ಸೆಪ್ಟೆಂಬರಿನಲ್ಲಿ ರೈನೊ ಬಂಡಿಯೊಳಗೇ, ಬೆಳಗಿನ ಕಾಫಿಗೆ ಕಾಯುತ್ತ, ಕೂತಲ್ಲೇ ತೀರಿಕೊಂಡ. ಅಂದಿನಿಂದ ಐಲಿ ಆ ಟ್ಯಾಂಕು ಮುಟ್ಟಿರಲಿಲ್ಲ. ಪೆಟ್ರೋಲ್ ಬಂಕಿನ ಕಕ್ಕಸು, ಗ್ರಂಥಾಲಯದ ಕಕ್ಕಸು ಎಂದು ದಿನ ತಳ್ಳಿದಳು. ಬಾರದ ಕೆಲಸ ಎನ್ನುವುದು ಒಂದು ಕಾರಣ. ಇನ್ನೊಂದನ್ನು ಯಾರ ಮುಂದೆಯೂ ಹೇಳುವಂತಿರಲಿಲ್ಲ. ಅವನ ಬಟ್ಟೆಬರೆ ದಾನಕ್ಕೆ ಹೋಗಿತ್ತು, ಬೂದಿ ಕೊಲ್ಲಿಯ ನೀರಿಗೆ ಹೋಗಿತ್ತು. ಅವನ ದೇಹದ್ದು ಎಂದು ಈ ಲೋಕದಲ್ಲಿ ಉಳಿದದ್ದು ಆ ಟ್ಯಾಂಕಿನೊಳಗಿದ್ದದ್ದು ಮಾತ್ರ. ನಗುವವರು ನಗಲಿ. ಅವಳಿಗೆ ಅದನ್ನು ಸುರಿಯಲು ಮನಸ್ಸಾಗಲಿಲ್ಲ.

ಬಂಡಿಯನ್ನು ನಿಲ್ಲಿಸಿಕೊಂಡಿದ್ದದ್ದು ರೈನೊನ ಅಕ್ಕ ಹಿಲ್ಯಾಳ ಅಂಗಳದಲ್ಲಿ. ನವೆಂಬರ್ ಹೊತ್ತಿಗೆ ವಾಸನೆ ಅವಳ ಅಡುಗೆಮನೆಗೂ ಮುಟ್ಟಿತು. ಹಿಲ್ಯಾ ಏಲಕ್ಕಿ ಬ್ರೆಡ್ಡು ಕೊಯ್ಯುತ್ತ ಮೂಗು ಮುರಿದಳು.

"ನೋಡೇ ಐಲಿ, ಕೊಳ್ಳೋರು ಭಾನುವಾರ ಬರ್ತಾರೆ. ಮಾರಿಬಿಡು. ಆ ಒಂದು ಕೆಲಸ ಬರದೆ ಇದ್ರೆ ನೀನು ಒಬ್ಬಳೇ ರಸ್ತೆ ಮೇಲೆ ಹೇಗಿರ್ತೀಯ? ನಮ್ಮ ಹಿಂದಿನ ಕೋಣೆ ಖಾಲಿ ಇದೆ. ಟೀವಿನೂ ಇದೆ."

"ನಾನೇ ಖಾಲಿ ಮಾಡ್ಕೊಂಡು ಬಂದ್ರೆ?"

"ಬಂದ್ರೆ ನಿನ್ನ ಬಂಡಿ, ನಿನ್ನ ದಾರಿ. ನಾನು ತುಟಿ ಪಿಟಕ್ ಅನ್ನಲ್ಲ. ಆದ್ರೆ ನೀನು ಮಾಡಲ್ಲ ಕಣೇ. ನಿನಗೆ ಅವನನ್ನ ಬಿಡೋಕೇ ಆಗ್ತಿಲ್ಲ."

ಹಿಲ್ಯಾಳ ಬಾಯಿ ಕೆಟ್ಟದ್ದು, ಕಣ್ಣು ಚುರುಕು. ಐಲಿ ಕಾಫಿ ಅರ್ಧಕ್ಕೇ ಬಿಟ್ಟು ಎದ್ದಳು. ಟೀವಿ ಇರುವ ಹಿಂದಿನ ಕೋಣೆ ಎಂದರೆ ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆ ಕೋಣೆಗೆ ಹೋದವರು ಶವದ ಪೆಟ್ಟಿಗೆಯಲ್ಲೇ ಹೊರಬಂದಿದ್ದರು.

ಚಳಿಗಾಲದ ಕಡಲತೀರದಲ್ಲಿ ಟ್ಯಾಂಕು ಸುರಿಯುವ ಗುಂಡಿ ಹುಡುಕುವುದು ಸುಲಭವಲ್ಲ. ಸರ್ಕಾರಿ ಉದ್ಯಾನದ ಗೇಟಿಗೆ ಸರಪಳಿ ಬಿದ್ದಿತ್ತು. ನೀರಿನ ಪೈಪು ಹೆಪ್ಪುಗಟ್ಟೀತೆಂದು ವಸಂತದವರೆಗೆ ಎಲ್ಲ ಬಂದ್. ದೋಣಿಕಟ್ಟೆಯ ಗುಂಡಿಗೆ ಯಾರೋ ಸಿಮೆಂಟು ತುಂಬಿದ್ದರು. ಪೆಟ್ರೋಲ್ ಬಂಕಿನ ಹೆಂಗಸು ಕಿಟಕಿಯಿಂದ ತಲೆ ಹೊರಹಾಕಿ, "ನಮ್ಮದು ಕೆಟ್ಟು ಯಾವ ಕಾಲ ಆಯ್ತು. ಬೋರ್ಡು ಮಾತ್ರ ತೆಗೆದಿಲ್ಲ" ಅಂದಳು.

"ಬೋರ್ಡು ಯಾಕೆ ಇಟ್ಟಿದೀರ ಮತ್ತೆ?"

"ಬೋರ್ಡು ನೋಡಿ ಬಂದೋರು ಪೆಟ್ರೋಲಾದ್ರೂ ಹಾಕಿಸ್ಕೊಂಡು ಹೋಗ್ತಾರಲ್ಲ."

ಆಗ ಐಲಿಗೆ ಬಂಡಿಯವರ ಹಳೆಯ ತಂಗುದಾಣ ನೆನಪಾಯಿತು. ಕಡಲಂಚಿನ ಪೈನ್ ಮರಗಳ ನಡುವೆ ಇತ್ತು, ಮೊದಲೆಲ್ಲ ರೈನೊ ಅಲ್ಲಿಯೇ ಖಾಲಿ ಮಾಡುತ್ತಿದ್ದ. ಕೊನೆಯ ಸಲ ಹೋದದ್ದು ಎರಡು ಚಳಿಗಾಲದ ಹಿಂದೆ. ದಾರಿ ಗುರುತು ಸಿಗದೆ ಅಂಚೆಯವನನ್ನು ನಿಲ್ಲಿಸಿ ಕೇಳಿದಳು. ಆ ಕಡೆಯವರು ದಾರಿ ಹೇಳುವ ರೀತಿಯೇ ಬೇರೆ.

"ಚರ್ಚ್ ಇದ್ದ ಕಡೆ ಎಡಕ್ಕೆ ತಿರುಗಿ. ಶಾಲೆ ಇದ್ದ ಜಾಗ ದಾಟಿ. ಆಮೇಲೆ ದೀಪಸ್ತಂಭ ಇತ್ತಲ್ಲ, ಅದರ ಕಡೆಗೆ ಸೀದಾ."

ಅವನು ಹೇಳಿದ್ದರಲ್ಲಿ ಒಂದೂ ಈಗ ನೆಲದ ಮೇಲಿರಲಿಲ್ಲ. ಕಡಲು ಪ್ರತಿ ಚಳಿಗಾಲವೂ ದಡವನ್ನು ಬ್ರೆಡ್ಡು ಕೊಯ್ದಂತೆ ಕೊಯ್ದು ತಿನ್ನುತ್ತಿತ್ತು. ಆದರೂ ಅಲ್ಲಿನವರಿಗೆ ಮುಳುಗಿದ ಊರೇ ಗುರುತು. ಐಲಿಯೂ ಆ ನೆಲದವಳೇ ಆದದ್ದರಿಂದ ಏನೂ ವಿಚಿತ್ರವೆನಿಸದೆ ತಲೆಯಾಡಿಸಿ ಹೊರಟಳು. ಇರುವುದನ್ನು ಬಿಟ್ಟು ಇದ್ದದ್ದನ್ನೇ ನಂಬಿ ನಡೆಯುವ ಅಭ್ಯಾಸ ಎಷ್ಟು ಅಪಾಯದ್ದೆಂದು ಅವಳಿಗೆ ಹೊಳೆಯಲಿಲ್ಲ.

ಮಧ್ಯಾಹ್ನವೇ ಮಂಜು ಇಳಿದಿತ್ತು. ಪೈನ್ ಮರಗಳ ಬುಡ ಮಾತ್ರ ಕಾಣುತ್ತಿತ್ತು. ತಂಗುದಾಣದ ಬೋರ್ಡು ಇತ್ತು, ಬಂಡಿಯ ಚಿತ್ರವೂ ಕೆಳಮುಖದ ಬಾಣವೂ ಇದ್ದವು. ಜನ ಇರಲಿಲ್ಲ. ಕಚೇರಿಯ ಬಾಗಿಲು ತೆರೆದೇ ಇತ್ತು, ಒಳಗೆ ಕುರ್ಚಿಯೊಂದು ಗೋಡೆಯ ಕಡೆ ಮುಖ ಮಾಡಿತ್ತು. ನಲ್ಲಿಯ ಕಂಬ ಎಂದಿನ ಜಾಗದಲ್ಲೇ ನಿಂತದ್ದು ನೋಡಿ ಐಲಿಗೆ ಧೈರ್ಯ ಬಂತು. ಕಂಬದ ಹಿಂದೆಯೇ ಗುಂಡಿ ಇರಬೇಕು. ಬಂಡಿ ತಿರುಗಿಸಿ ರಿವರ್ಸ್ ಹಾಕಿದಳು. ಕನ್ನಡಿಯಲ್ಲಿ ಬಿಳುಪು ಬಿಟ್ಟರೆ ಬೇರೇನೂ ಕಾಣಲಿಲ್ಲ.

ಹಿಂದಿನ ಗೋಡೆಯ ಮೇಲೆ ಎರಡು ಬಡಿತ ಬಿತ್ತು.

ಐಲಿಯ ಕಾಲು ಯೋಚಿಸಲಿಲ್ಲ. ಇಷ್ಟು ವರ್ಷ ಆ ಸದ್ದಿಗೆ ಪಳಗಿದ ಕಾಲು ಬ್ರೇಕಿನಿಂದ ತಾನಾಗಿಯೇ ಸಡಿಲವಾಯಿತು, ಬಂಡಿ ಹಿಂದಕ್ಕೆ ಉರುಳಿತು. "ಬಂದೆ, ಬಂದೆ" ಎಂದು ಬಾಯಿಯೂ ಹೇಳಿಬಿಟ್ಟಿತು. ಆಮೇಲೆಯೇ ಅವಳಿಗೆ ರೈನೊ ಇಲ್ಲವೆಂಬುದು ನೆನಪಾದದ್ದು. ಆದರೆ ನಿಜ ಹೇಳಬೇಕೆಂದರೆ ಹೆದರಿಕೆಗಿಂತ ಮೊದಲು ಬಂದದ್ದು ಸಂತೋಷ. ಎಷ್ಟು ಸಂತೋಷವೆಂದರೆ ಅವಳು ಸ್ಟೇರಿಂಗಿಗೆ ಹಣೆ ಒತ್ತಿಕೊಂಡು ಅತ್ತಳು.

ಮತ್ತೆ ಎರಡು. ಅದೇ ಅವಸರವಿಲ್ಲದ, ಮುಷ್ಟಿಯ ಹಿಂಬದಿಯಿಂದ ಬಡಿದ ಸದ್ದು.

ಬೇರೆ ಯಾರಾದರೂ ಬಡಿದಿದ್ದರೆ ಅದರ ಅರ್ಥ ನಿಲ್ಲು. ಬಡಿದವನು ರೈನೊ ಆಗಿದ್ದರೆ ಅದರ ಅರ್ಥ ಬಾ. ಈ ಇಡೀ ಲೋಕದಲ್ಲಿ ಆ ಸದ್ದನ್ನು ಎರಡು ಥರ ಓದಬಲ್ಲವಳು ಅವಳೊಬ್ಬಳೇ. ಅದು ಬೇರೆಯವರು ಎಂದುಕೊಳ್ಳಲು ಅವಳಿಗೆ ಸ್ವಲ್ಪವೂ ಇಷ್ಟವಿರಲಿಲ್ಲ. ಬಂಡಿ ಮೆಲ್ಲಗೆ ಹಿಂದೆ ಸರಿಯುತ್ತಲೇ ಇತ್ತು. ನಿಲ್ಲು ಎನ್ನುವ ಒಂಟಿ ಬಡಿತಕ್ಕೆ ಕಿವಿಗೊಟ್ಟು ಕಾದಳು. ಮೂರನೆಯ ಸಲವೂ ಎರಡೇ ಬಿತ್ತು. ನೆಲದ ಸದ್ದು ಬದಲಾಗಿತ್ತು. ಚಕ್ರದಡಿ ಜಲ್ಲಿಕಲ್ಲು ಹೋಗಿ ಮೆತ್ತನೆಯ ಮರಳು ಬಂದಿತ್ತು.

ಬದುಕಿದ್ದಾಗ ಅವನು ಇಷ್ಟು ಹೊತ್ತು ಬೈಯದೆ ಇದ್ದದ್ದಿಲ್ಲ. "ಎಡಕ್ಕೆ ಕಣೇ ಕುರುಡಿ" ಎಂದು ಒಮ್ಮೆಯಾದರೂ ಕೂಗಬೇಕಿತ್ತು. ಹಿಂದೆ ನಿಂತದ್ದು ರೈನೊನೇ ಆಗಿದ್ದರೆ ಅವನು ಈಗ ಅವಳನ್ನು ಗುಂಡಿಯ ಬಳಿಗೆ ಕರೆಯುತ್ತಿರಲಿಲ್ಲ, ತನ್ನ ಬಳಿಗೆ ಕರೆಯುತ್ತಿದ್ದ.

ಐಲಿ ಬ್ರೇಕು ತುಳಿದಳು.

"ಇಲ್ಲ ರೈನೊ" ಅಂದಳು, ಗಟ್ಟಿಯಾಗಿ, ಮನೆಯಲ್ಲಿ ಜಗಳಕ್ಕೆ ನಿಂತ ಧ್ವನಿಯಲ್ಲೇ. "ನಾನು ಬರಲ್ಲ. ಈಗ ಬರಲ್ಲ."

ಕೈಬ್ರೇಕು ಎಳೆದು ಇಳಿದಳು. ಗೋಡೆ ಹಿಡಿದುಕೊಂಡು ಹಿಂದಕ್ಕೆ ಹೋದಳು. ಹಿಂದಿನ ಚಕ್ರದಿಂದ ಒಂದು ಮಾರು ಆಚೆಗೆ ನೆಲವೇ ಇರಲಿಲ್ಲ. ಗುಂಡಿಯ ಸಿಮೆಂಟು ಹಲಗೆ ಅಂಚಿನಿಂದ ಗಾಳಿಗೆ ಚಾಚಿಕೊಂಡಿತ್ತು, ಮಧ್ಯದಲ್ಲಿ ತೂತು, ತೂತಿನೊಳಗೆ ತುಂಬ ಕೆಳಗೆ ಬಿಳಿ ನೊರೆ. ಬಂಡಿಯ ಹಿಂಭಾಗವೇ ಅಂಚು ದಾಟಿ ಬಯಲಿಗೆ ಬಂದಿತ್ತು. ಅಲ್ಲಿ ನಿಂತು ಗೋಡೆ ಬಡಿಯಬೇಕಾದರೆ ಯಾರೇ ಆಗಲಿ ಗಾಳಿಯ ಮೇಲೆ ನಿಲ್ಲಬೇಕಿತ್ತು.

ಅವಳು ಅಂಚಿನಿಂದ ಈಚೆ ಸರಿದಳು. ಮರಳಿನ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದಾಗ ಮುಂದಿನಿಂದ, ರಸ್ತೆಯ ಕಡೆಯಿಂದ, ಕಿತ್ತಳೆ ಬಣ್ಣದ ಕೋಟಿನ ಮುದುಕನೊಬ್ಬ ಕೋಲೂರುತ್ತ ಬಂದ. ಎಮೆಟ್ ಸೇಯ್ಲ್ಸ್ ಅವನ ಹೆಸರು, ಆ ರಸ್ತೆಯಲ್ಲಿ ಉಳಿದ ಕೊನೆಯ ಮನೆ ಅವನದು.

"ಏನಮ್ಮ, ಸೀದಾ ಕಡಲಿಗೇ ಸುರಿಯೋಣ ಅಂತಾನಾ? ಇಂಜಿನ್ ಸದ್ದು ಕೇಳಿ ಓಡ್ಕೊಂಡು ಬಂದೆ. ಓಡೋದು ಅಂದ್ರೆ ಈ ಕಾಲಲ್ಲಿ ಇಷ್ಟೇ."

"ಬಡಿದದ್ದು ನೀವಾ?"

"ನಾನು ಈಗ ಬರ್ತಿದೀನಲ್ಲ. ಯಾರು ಬಡಿದ್ರು?"

"ಎರಡೆರಡು ಬಡಿತ. ಹಿಂದಿನಿಂದ."

ಎಮೆಟ್ ಅಂಚಿನವರೆಗೆ ಹೋಗಿ ಇಣುಕಿ ಬಂದ. "ಎರಡು ಅಂದ್ರೆ ನಿಲ್ಲು ಅಂತ. ಯಾರೋ ಪಾಪ, ನಿಮ್ಮ ಜೀವ ಉಳಿಸಿದಾರೆ."

"ನಮ್ಮನೇಲಿ ಎರಡು ಅಂದ್ರೆ ಬಾ ಅಂತ" ಅಂದಳು ಐಲಿ.

ಮುದುಕ ಅವಳನ್ನು ನೋಡಿದ, ಬಂಡಿಯ ಹಿಂಭಾಗ ನೋಡಿದ, ಮತ್ತೆ ಆ ವಿಷಯ ಎತ್ತಲಿಲ್ಲ. ಕಡಲಂಚಿನಲ್ಲಿ ಒಂಟಿಯಾಗಿ ಬದುಕುವವರು ಕೆಲವನ್ನು ಕೆದಕಲು ಹೋಗುವುದಿಲ್ಲ. "ನನ್ನ ಮನೆ ಕಕ್ಕಸಿನ ಗುಂಡಿ ಇದೆ, ಅಲ್ಲಿ ಸುರೀರಿ. ಮುಂದಿನ ವರ್ಷ ಹೇಗೂ ಅದೂ ಇರಲ್ಲ" ಅಂದ.

ಬಂಡಿಯನ್ನು ಮೆಲ್ಲಗೆ ಮುಂದಕ್ಕೆ ಎಳೆದು ಎಮೆಟ್‌ನ ಅಂಗಳದಲ್ಲಿ ನಿಲ್ಲಿಸಿ, ಐಲಿ ಪೈಪಿನ ಜೊತೆಗೇ ಉಳಿದಿದ್ದ ಗಂಡನ ದೊಗಲೆ ಕೈಗವಸು ಹಾಕಿಕೊಂಡಳು. ರೈನೊ ಮಾಡುತ್ತಿದ್ದದ್ದನ್ನು ಕಿಟಕಿಯಿಂದ ಎಷ್ಟೋ ಸಲ ನೋಡಿದ್ದಳು, ಈಗ ಅದನ್ನೇ ಒಂದೊಂದಾಗಿ ನೆನಪಿಸಿಕೊಂಡು ಮಾಡಿದಳು. ಪೈಪು ಸಿಕ್ಕಿಸಿ, ತುದಿಯನ್ನು ಗುಂಡಿಗೆ ಇಳಿಸಿ ಕಲ್ಲು ಹೇರಿದಳು. ಟ್ಯಾಂಕು ಎರಡು, ಹಿಡಿಯೂ ಎರಡು: ಮೊದಲು ಕಕ್ಕಸಿನದು ಎಳೆಯಬೇಕು, ಆಮೇಲೆ ಪಾತ್ರೆ ತೊಳೆದ ನೀರಿನದು. ಅದರಿಂದ ಪೈಪು ತೊಳೆದುಹೋಗುತ್ತದೆ. ಹಿಡಿ ಎಳೆಯುವ ಮೊದಲು ಒಂದು ಗಳಿಗೆ ನಿಂತಳು.

"ಬಿಗಿಯಾಗಿದೆಯಾ?" ಎಂದು ಎಮೆಟ್ ನಲ್ಲಿಯ ಬಳಿಯಿಂದ ಕೇಳಿದ.

"ಇಲ್ಲ. ಎಳೀತೀನಿ."

ಎಳೆದಳು. ಪೈಪು ಅವಳ ಕೈಯಡಿ ಅದುರಿತು, ಬಿಸಿಯಾದದ್ದೇನೋ ಹಾದುಹೋದ ಹಾಗೆ ಅವಳಿಗೆ ಅನಿಸಿತು. ಅದು ಸಾಧ್ಯವಿಲ್ಲ, ಒಳಗಿದ್ದದ್ದೆಲ್ಲ ನವೆಂಬರಿನ ಥಂಡಿಯಲ್ಲಿ ತಣ್ಣಗಾಗಿತ್ತು. ಗಳಗಳ ಸದ್ದು ಬಹಳ ಹೊತ್ತು ಬಂದು, ತೆಳುವಾಗಿ, ನಿಂತಿತು. ವಾಸನೆಗೆ ಕಣ್ಣಲ್ಲಿ ನೀರು ಬಂತು. ವಾಸನೆಗೇ ಎಂದು ಎಮೆಟ್ ಅಂದುಕೊಂಡಿರಬೇಕು.

ಎರಡನೆಯ ಹಿಡಿಗೆ ಕೈ ಹಾಕುವಾಗ ಬಡಿತ ಮತ್ತೆ ಬಂತು. ಈ ಸಲ ಒಳಗಿನಿಂದ, ಅವಳ ಕಿವಿಯ ಪಕ್ಕದ ಗೋಡೆಯ ಆಚೆಯಿಂದ. ಎರಡು.

ನಲ್ಲಿಯಿಂದ ಕೈ ತೆಗೆದು ಎಮೆಟ್ ತಲೆಯೆತ್ತಿದ. "ಒಳಗೆ ಯಾರನ್ನೋ ಕರ್ಕೊಂಡು ಬಂದಿದೀರಲ್ಲ. ಹೇಳ್ಲೇ ಇಲ್ಲ?"

"ಒಳಗೆ ಯಾರೂ ಇಲ್ಲ" ಅಂದಳು ಐಲಿ.

ಎಮೆಟ್ ಮೆಲ್ಲಗೆ ಹಿಂದೆ ಹಿಂದೆ ನಡೆದು ತನ್ನ ಮೆಟ್ಟಿಲು ಹತ್ತಿ ನಿಂತ. ಐಲಿ ಕೈಗವಸು ಕಳಚಿದಳು. ಬರಿಗೈ ಮುಷ್ಟಿ ಮಾಡಿ, ಗೋಡೆಯ ಮೇಲೆ, ಸದ್ದು ಬಂದ ಜಾಗದಲ್ಲೇ, ಒಂದು ಬಡಿದಳು. ಒಂದೇ ಒಂದು.

ಒಳಗೆ ಏನೋ ನಿಂತ ಹಾಗಾಯಿತು. ಆಮೇಲೆ ಕಡಲಿನ ಸದ್ದು ಮಾತ್ರ. ಅವಳು ಎರಡನೆಯ ಹಿಡಿಯನ್ನೂ ಎಳೆದು, ಪೈಪು ತೊಳೆದು ಸುತ್ತಿಟ್ಟು, ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು.

ಭಾನುವಾರ ಕೊಳ್ಳುವವರು ಬಂದು, ಬಾಗಿಲು ಮುಟ್ಟಿ, ಐಲಿ ಮಾರುವುದಿಲ್ಲ ಅಂದದ್ದಕ್ಕೆ ಬರಿಗೈಲಿ ಹೋದರು. ಹಿಲ್ಯಾ ಕೊಟ್ಟ ಮಾತಿನಂತೆ ತುಟಿ ಪಿಟಕ್ ಅನ್ನಲಿಲ್ಲ, ಅರ್ಧ ಏಲಕ್ಕಿ ಬ್ರೆಡ್ಡು ಕಟ್ಟಿಕೊಟ್ಟಳು. ಐಲಿ ಈಗಲೂ ಆ ತೀರದಲ್ಲೇ ಓಡಾಡಿಕೊಂಡಿದ್ದಾಳೆ. ಎಲ್ಲಿಗೆ ಹೋದರೂ ಹಿಂದೆ ಸರಿಯುವ ಮೊದಲು ಇಳಿದು ನೆಲ ನೋಡಿ ಬರುತ್ತಾಳೆ. ಟ್ಯಾಂಕು ಖಾಲಿಯಾದ ಮೇಲೆ ಗೋಡೆಗೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಲ್ಲುತ್ತಾಳೆ. ಒಮ್ಮೊಮ್ಮೆ ಸುತ್ತ ಯಾರೂ ಇಲ್ಲದಿದ್ದರೆ ತಾನೇ ಎರಡು ಬಡಿಯುವುದೂ ಉಂಟು.

ಅವನು ಮಾತ್ರ ಮತ್ತೆ ಬಡಿದಿಲ್ಲ. ಬದುಕಿದ್ದಾಗ ಅವಳ ಒಂದು ಮಾತನ್ನೂ ಕೇಳದಿದ್ದ ಗಂಡ ಆ ಒಂದು ಮಾತನ್ನು ಕೇಳಿಬಿಟ್ಟಿದ್ದಾನೆ.