ಹಾಲು ತುಪ್ಪಕ್ಕೊಂದು ಗೋಡೆ

ಬೆಂಗಳೂರಿನಂಚಿನ ಪಟ್ಟಂದೂರು ಅಗ್ರಹಾರದಲ್ಲಿ ಗೋಡೆ ನಲ್ಲಪ್ಪ ಎಂದರೆ ಮನೆ ತೋರಿಸುತ್ತಾರೆ. ಬರೀ ನಲ್ಲಪ್ಪ ಎಂದರೆ ತೋರಿಸುವವರು ಕಡಿಮೆ. ಈಗ ಊರಿನಲ್ಲಿ ಊರಿನವರಿಗಿಂತ ಬಾಡಿಗೆಯವರೇ ಜಾಸ್ತಿ. ಮೊದಮೊದಲು ಅವನು ಸುಣ್ಣ ಬಳಿಯುತ್ತಿದ್ದ. ಆಮೇಲೆ ಸಿಮೆಂಟು, ಬನಿಯನ್ನುಗಳ ಜಾಹೀರಾತು ಬರೆದ. ಫ್ಲೆಕ್ಸ್ ಬಂದು ಆ ಅನ್ನಕ್ಕೂ ಕಲ್ಲು ಬಿದ್ದಾಗ ಅವನ ಕೈ ಹಿಡಿದವನು ಕಾವಲುದೇವರು ಮುನೇಶ್ವರ. ಊರಿನ ಹೊಲಗಳಲ್ಲಿ ಐಟಿ ಪಾರ್ಕು ಎದ್ದಿತು, ಅದರ ಸುತ್ತ ಕಾಂಪೌಂಡ್ ಗೋಡೆ ಎದ್ದಿತು, ಗೋಡೆಯ ಬುಡದಲ್ಲಿ ನಿಂತು ಉಚ್ಚೆ ಹೊಯ್ಯುವ ಗಂಡಸರೂ ಸಾಲಾಗಿ ಬಂದರು. ‘ಇಲ್ಲಿ ಮೂತ್ರ ಮಾಡಬಾರದು’ ಎಂದು ಬರೆದರೆ ಆ ಅಕ್ಷರಗಳ ಮೇಲೆಯೇ ಹೊಯ್ದು ಹೋಗುವ ಜನ, ಗೋಡೆಯ ಬುಡದಲ್ಲಿ ಬರೆದ ಮುನೇಶ್ವರನ ಕೆಂಗಣ್ಣು ಕಂಡರೆ ಜಿಪ್ಪಿಗೆ ಹಾಕಿದ ಕೈಯನ್ನು ಹಿಂದೆಗೆದು ಮುಂದೆ ನಡೆಯುತ್ತಾರೆ. ನಾಚಿಕೆ ಬಿಟ್ಟವರಿಗೂ ಭಯ ಇರುತ್ತದೆ ಎಂಬುದೇ ನಲ್ಲಪ್ಪನ ಹೊಟ್ಟೆಪಾಡಿನ ಗುಟ್ಟು.

ಈ ಕೆಲಸ ನಿಂತು ಮಾಡುವಂಥದ್ದಲ್ಲ. ಮೋರಿಯಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಎಡಗೈಯನ್ನು ಗೋಡೆಗೆ ಊರಿ, ಬಲಗೈಯಲ್ಲಿ ಬ್ರಶ್ ಎಳೆಯಬೇಕು. ಹಾಗೆ ಎಳೆಯುವಾಗ ಮೀಸೆಯ ಬಲತುದಿ ನಲ್ಲಪ್ಪನಿಗೆ ಗೊತ್ತಿಲ್ಲದಂತೆ ಮೇಲಕ್ಕೆ ಹೋಗಿಬಿಡುತ್ತಿತ್ತು. ನೋಡುವವರ ಎಡಕ್ಕಿರುವ ಮೀಸೆ ಕೆನ್ನೆಯಲ್ಲಿ ನಿಂತರೆ ಬಲಕ್ಕಿರುವುದು ಕಿವಿ ದಾಟಿ ಕಿರೀಟ ಮುಟ್ಟುತ್ತಿತ್ತು. ಎಷ್ಟು ಸಲ ತಿದ್ದಿಕೊಳ್ಳಲು ನೋಡಿದರೂ ಕೈ ಮಾತು ಕೇಳಲಿಲ್ಲ. ಸುತ್ತಮುತ್ತ ಎಲ್ಲಿ ಸೊಟ್ಟಮೀಸೆಯ ಮುನೇಶ್ವರ ಕಂಡರೂ ಅದು ನಲ್ಲಪ್ಪನದೇ.

ಮಗ ಸಿದ್ಧಾರ್ಥ್ ಇದಕ್ಕೆ ಬಿದ್ದು ಬಿದ್ದು ನಗುತ್ತಿದ್ದ. “ಅಪ್ಪಾ, ನಿನ್ ದೇವ್ರಿಗೆ ಒಂದೇ ಕಡೆ ಫ್ಯಾನ್ ಹಾಕ್ದಂಗೈತೆ ಕಣಪ್ಪಾ.” ಅವನು ಚಿತ್ರ ಬರೆಯುವುದನ್ನು ಸ್ಕೂಲಿನಲ್ಲಿ ಕಲಿತವನು. ನಗರದ ದೊಡ್ಡ ದೊಡ್ಡ ಗೋಡೆಗಳಿಗೆ ಚಿತ್ರ ಬರೆಯುವ ಹುಡುಗರ ತಂಡ ಸೇರಿದ್ದ. ಅಟ್ಟಣೆ ಹತ್ತಿ ಮೂರು ಅಂತಸ್ತಿನ ಮುಖ ಬರೆಯುವವರ ಜೊತೆ ಬಣ್ಣ ತುಂಬುತ್ತಿದ್ದ. ಒಮ್ಮೆ ಅಪ್ಪ, “ಒಂದು ಮುನೇಶ್ವರ ಬರ್ಕೊಡೋ, ನಂಗೆ ಮಂಡಿ ನೋವು” ಎಂದಾಗ, “ಉಚ್ಚೆ ದೇವ್ರು ನಾನ್ ಬರೆಯಲ್ಲ, ಬಿಡು” ಎಂದುಬಿಟ್ಟಿದ್ದ. ತಮಾಷೆಗೇ ಅಂದದ್ದು. ಆದರೂ ಆ ಮಾತು ನಲ್ಲಪ್ಪನ ಎದೆಯಲ್ಲಿ ಎಲ್ಲೋ ಸಿಕ್ಕಿಕೊಂಡು ಉಳಿಯಿತು.

ಸಿದ್ಧಾರ್ಥನ ಕೊನೆಯ ಕೆಲಸ ಚೆನ್ನೈನಲ್ಲಿ, ಸಮುದ್ರದ ದಂಡೆಯ ಮೀನುಗಾರರ ಕೇರಿಯಲ್ಲಿ. ಬಲೆ ಹೆಣೆಯುವ ಮುದುಕಿಯ ದೊಡ್ಡ ಚಿತ್ರ; ಅದರಲ್ಲಿ ದೋಣಿಯ ಕೆಳಗಿನ ನೀಲಿಯೆಲ್ಲ ತನ್ನದು ಎಂದು ಫೋನಿನಲ್ಲಿ ಹೇಳಿದ್ದ. ಅಲ್ಲಿಂದ ಮನೆಗೆ ಬಂದು ತಿಂಗಳು ಕಳೆಯುವುದರೊಳಗೆ ಕೊರೋನಾದ ಎರಡನೇ ಅಲೆ ಅವನನ್ನು ಎತ್ತಿಕೊಂಡು ಹೋಯಿತು. ಮನೆಮಂದಿಗೆಲ್ಲ ಜ್ವರ, ಬಾಗಿಲಿಗೆ ಅಡ್ಡಪಟ್ಟಿ. ಆಸ್ಪತ್ರೆಯಿಂದ ದೇಹವನ್ನು ನೇರವಾಗಿ ವಿದ್ಯುತ್ ಚಿತಾಗಾರಕ್ಕೆ ಒಯ್ದರು. ಬೂದಿ ತರಲು ಹೋಗುವಷ್ಟು ಕಾಲಲ್ಲಿ ಶಕ್ತಿ ಬರುವ ಹೊತ್ತಿಗೆ, ಕೇಳುವವರಿಲ್ಲದ ಬೂದಿಯನ್ನೆಲ್ಲ ಒಟ್ಟಿಗೆ ಕಾವೇರಿಗೆ ಬಿಟ್ಟಾಯಿತು ಎಂದರು. ಅವನ ಫೋನು, ಅದರೊಳಗಿನ ಚಿತ್ರಗಳು, ಅವೂ ಸಿಗಲಿಲ್ಲ.

ನಲ್ಲಪ್ಪನ ಮನೆತನದಲ್ಲಿ ಸುಡುವ ಪದ್ಧತಿಯೇ ಇಲ್ಲ. ಕೆರೆಯಾಚೆ ಸಮಾಧಿ ಮಾಡುತ್ತಾರೆ, ಮೂರನೆಯ ದಿನ ಹೋಗಿ ಮಣ್ಣಿನ ಮೇಲೆ ಹಾಲು ತುಪ್ಪ ಬಿಡುತ್ತಾರೆ, ಸತ್ತವರಿಗೆ ಏನು ಇಷ್ಟವೋ ಅದನ್ನು ಎಡೆ ಇಟ್ಟು ಬರುತ್ತಾರೆ. ಅಷ್ಟಾದರೆ ಹೋದ ಜೀವ ತಣ್ಣಗಾಯಿತೆಂದು ಲೆಕ್ಕ. ಸಿದ್ಧಾರ್ಥನಿಗೆ ಮಣ್ಣೇ ಇಲ್ಲ. ಹಾಲು ತುಪ್ಪ ಬಿಡುವುದೆಲ್ಲಿ? “ನನ್ ಮಗ ಇನ್ನೂ ಬಾಯಾರ್ಕೊಂಡು ನಿಂತವ್ನೆ” ಎಂದು ಹೆಂಡತಿ ಪಿಳ್ಳಮ್ಮ ವರ್ಷಗಳಿಂದ ಅದೇ ಮಾತು ಆಡುತ್ತಿದ್ದಳು. ಅಳುತ್ತಿರಲಿಲ್ಲ. ಅನ್ನ ಬಡಿಸುತ್ತಾ, ಬಟ್ಟೆ ಹಿಂಡುತ್ತಾ, ಇವತ್ತು ನೀರು ಬರಲಿಲ್ಲ ಎನ್ನುವ ಹಾಗೆ ಹೇಳುತ್ತಿದ್ದಳು. ನಲ್ಲಪ್ಪನಿಗೆ ಅದನ್ನು ಕೇಳುವುದೇ ಕಷ್ಟ.

ಹೀಗಿರುವಾಗ ಈ ವರ್ಷ ಮಗಳು ಮಂಜುಶ್ರೀ ಒಂದು ಸುದ್ದಿ ತಂದಳು. ಅವಳು ಐಟಿ ಪಾರ್ಕಿನ ಕ್ಯಾಂಟೀನಿನಲ್ಲಿ ಬಿಲ್ಲು ಹಾಕುತ್ತಾಳೆ. ಅಲ್ಲಿಗೆ ಕಾಫಿಗೆ ಬರುವ ದಿವ್ಯಾ ಎಂಬ ಹುಡುಗಿ ಗೆಳತಿಯರೊಡನೆ ಚೆನ್ನೈಗೆ ಹೋಗಿ, ಬೆಳಗ್ಗೆ ಬೀದಿಗೋಡೆಗಳ ಚಿತ್ರ, ಸಂಜೆ ಬೀಚು, ಒಂದೇ ದಿನದಲ್ಲಿ ಎರಡನ್ನೂ ಮುಗಿಸಿ ಬಂದಿದ್ದಳಂತೆ. ಮಾತಿನ ನಡುವೆ ಆ ಮೀನುಗಾರರ ಕೇರಿಯ ಹೆಸರು ಬಂತು. ಹಳೆಯ ಗೋಡೆಗಳಿಗೆ ಹೊಸ ಬಣ್ಣ ಬಳಿಯುತ್ತಿದ್ದಾರೆ ಎಂಬ ಮಾತೂ ಬಂತು.

“ಅವನ್ ಗೋಡೆ ಐತಲ್ಲ, ಅದೇ ಅವನ್ ಮಣ್ಣು” ಎಂದಳು ಪಿಳ್ಳಮ್ಮ. “ಬಣ್ಣ ಬಳ್ಯೋದ್ರೊಳ್ಗೆ ಓಗಿ ಆಲು ತುಪ್ಪ ಬುಟ್ಬರಾನ.”

ಅಂದೇ ಪ್ರಯಾಣದ ಯೋಜನೆ ಶುರುವಾಯಿತು. ದಿವ್ಯಾ ಹೇಳಿದ ಹಾಗೆಯೇ ಮಾಡೋಣ ಎಂದಳು ಮಂಜುಶ್ರೀ: ರಾತ್ರಿ ರೈಲು ಹತ್ತಿ ಬೆಳಗ್ಗೆ ಇಳಿಯುವುದು, ಬಿಸಿಲೇರುವ ಮುಂಚೆ ಗೋಡೆ ನೋಡುವುದು, ಆಮೇಲೆ ಸಮುದ್ರ. ಪಿಳ್ಳಮ್ಮ ತಕ್ಷಣ ಒಪ್ಪಿದಳು. ಅವಳ ಲೆಕ್ಕ ಬೇರೆ: ಹಾಲು ತುಪ್ಪ ಬಿಟ್ಟವರು ಮೈಮೇಲೆ ನೀರು ಹಾಕಿಕೊಳ್ಳದೆ ಮನೆಗೆ ಬರುವಂತಿಲ್ಲ, ಗೋಡೆಯಾದ ಮೇಲೆ ಸಮುದ್ರವಿದ್ದರೆ ಸ್ನಾನಕ್ಕೆ ಅನುಕೂಲ. ಜಗಳವಾದದ್ದು ಹಾಲಿನ ವಿಷಯಕ್ಕೆ. ಅಲ್ಲೇ ಪ್ಯಾಕೆಟ್ ತಗೊಳ್ಳೋಣ ಎಂದಳು ಮಗಳು. ಪಿಳ್ಳಮ್ಮ ಸುತರಾಂ ಒಪ್ಪಲಿಲ್ಲ. ಪಿಜಿ ಕಟ್ಟಿಸಿಕೊಂಡೂ ಹಿತ್ತಲಲ್ಲಿ ಒಂದು ಹಸು ಉಳಿಸಿಕೊಂಡಿರುವ ಕೃಷ್ಣಮ್ಮನ ಮನೆಯ ಹಾಲೇ ಆಗಬೇಕು, ಅವನು ಕುಡಿದು ಬೆಳೆದದ್ದು ಅದೇ ಮನೆಯ ಹಾಲು. ಕೊನೆಗೆ ಮಂಜುಶ್ರೀ ಕ್ಯಾಂಟೀನಿನಿಂದ ಐಸ್ ತಂದು, ಕಂಪನಿಯವರು ಕೊಟ್ಟ ಸ್ಟೀಲ್ ಫ್ಲಾಸ್ಕಿನೊಳಗೆ ಹಾಲನ್ನು ಕೂರಿಸಿದಳು. ಎಡೆಗೆ ಎರಡು ಎಗ್ ಪಫ್ಸ್. ಸಿದ್ಧಾರ್ಥನ ಪ್ರಾಣ ಅದರಲ್ಲೇ ಇತ್ತು. ಬೇರೆ ಏನು ಬೇಯಿಸಿ ಕೊಟ್ಟರೂ ಮೂತಿ ತಿರುಗಿಸುತ್ತಿದ್ದ.

ನಲ್ಲಪ್ಪ ಮಾತ್ರ ಮಂಡಿ ನೋವು ಎಂದ, ಕೆಲಸ ಒಪ್ಪಿಕೊಂಡಿದ್ದೇನೆ ಎಂದ, ಮಳೆ ಬರಬಹುದು ಎಂದ. ಅವನ ಭಯ ಅದ್ಯಾವುದೂ ಅಲ್ಲ. ಜೀವಮಾನವೆಲ್ಲ ಗೋಡೆಯ ಮುಂದೆ ಕೂತವನಿಗೆ ಬಣ್ಣದ ಆಯುಷ್ಯ ಗೊತ್ತಿರುತ್ತದೆ. ಸಮುದ್ರದ ಉಪ್ಪುಗಾಳಿಗೆ ನೀಲಿ ಇಷ್ಟು ವರ್ಷ ನಿಲ್ಲುವುದಿಲ್ಲ. ಅಷ್ಟು ದೂರ ಹಾಲು ಹೊತ್ತುಕೊಂಡು ಹೋಗಿ ಪಿಳ್ಳಮ್ಮ ಬರೀ ಗೋಡೆಯ ಮುಂದೆ ನಿಂತರೆ? ಮಗನನ್ನು ಎರಡನೆಯ ಸಲ ಕಳೆದುಕೊಂಡ ಹಾಗಾಗುತ್ತದೆ. ಅದನ್ನು ಕಣ್ಣಿಂದ ನೋಡುವ ಧೈರ್ಯ ಅವನಿಗಿರಲಿಲ್ಲ.

“ನೀನ್ ಬರ್ದಿದ್ರೆ ನಾವಿಬ್ರೇ ಓಗ್ತೀವಿ” ಎಂದಳು ಪಿಳ್ಳಮ್ಮ. ನಲ್ಲಪ್ಪ ಚೀಲಕ್ಕೆ ಪಂಚೆ ತುರುಕಿಕೊಂಡ.

ಕೇರಿ ಮುಟ್ಟಿದಾಗ ಬಿಸಿಲು ಇನ್ನೂ ಎಳಸಾಗಿತ್ತು. ಮೂರು ಅಂತಸ್ತಿನ ಕಟ್ಟಡಗಳ ಸಾಲು, ನಡುನಡುವೆ ಒಣಹಾಕಿದ ಬಲೆ, ಗೋಡೆಗೋಡೆಗೂ ಚಿತ್ರ. ಬೆಂಗಳೂರಿನ ಹೊರವಲಯದ ಹಳಬರಿಗೆ ತಮಿಳು ಹೊಸದಲ್ಲ. ನಲ್ಲಪ್ಪ ಒಬ್ಬನನ್ನು ನಿಲ್ಲಿಸಿ, ಬಲೆ ಹೆಣೆಯುವ ಮುದುಕಿಯ ಚಿತ್ರ ಎಲ್ಲಿ ಎಂದು ಕೇಳಿದ. ಆತ ಒಂದು ಕಟ್ಟಡದ ಕಡೆ ಕೈ ತೋರಿಸಿ, “ಅಲ್ಲಿತ್ತು” ಎಂದ. ಆ ಗೋಡೆಯ ತುಂಬ ಈಗ ಹೊಚ್ಚಹೊಸ ನವಿಲೊಂದು ಗರಿಗೆದರಿ ನಿಂತಿತ್ತು. ದೋಣಿ ಇಲ್ಲ, ಮುದುಕಿ ಇಲ್ಲ, ಒಂದು ಬೆರಳಗಲ ಹಳೆಯ ನೀಲಿ ಇಲ್ಲ.

ನಲ್ಲಪ್ಪ ಹತ್ತಿರ ಹೋಗಿ ಗೋಡೆಯನ್ನು ಮುಟ್ಟಿದ. ಕೆರೆದು, ಹೊಸ ಗಾರೆ ಮಾಡಿ ಬಣ್ಣ ಹಚ್ಚಿದ್ದಾರೆ. ಅಡಿಯಲ್ಲೂ ಏನೂ ಉಳಿದಿಲ್ಲ. ಮಂಜುಶ್ರೀ ಅಪ್ಪನ ಮುಖ ನೋಡಿ ಅಳಲು ಶುರುಮಾಡಿದಳು. ಇದೇ ಗೋಡೆ, ಇದರೊಳಗೇ ಇದ್ದಾನೆ ಎಂದು ಪಿಳ್ಳಮ್ಮನಿಗೆ ಹೇಳಿಬಿಡೋಣವೇ ಎಂದುಕೊಂಡು ಅವನು ಹಿಂತಿರುಗಿ ನೋಡಿದರೆ ಹಿಂದೆ ಪಿಳ್ಳಮ್ಮ ಇರಲಿಲ್ಲ.

ಅವಳು ಕಟ್ಟಡದ ಪಕ್ಕದ ಸಂದಿಯಲ್ಲಿ ನೆಲದ ಮೇಲೆ ಕೂತಿದ್ದಳು. ಎದುರಿಗೆ ಫ್ಲಾಸ್ಕು, ತುಪ್ಪದ ಬಾಟಲಿ, ಬಿಚ್ಚಿದ ಪಫ್ಸಿನ ಪೊಟ್ಟಣ. ಗೋಡೆಯ ಬುಡದಲ್ಲಿ, ಮೊಳಕಾಲೆತ್ತರದಲ್ಲಿ, ಒಬ್ಬ ಮುನೇಶ್ವರ. ಕೆಂಗಣ್ಣು, ಕೈಯಲ್ಲಿ ಕತ್ತಿ, ನೆತ್ತಿಯ ಮೇಲೆ ಕಿರೀಟ. ಎಡಮೀಸೆ ಕೆನ್ನೆಯಲ್ಲಿ ನಿಂತಿತ್ತು. ಬಲಮೀಸೆ ಕಿವಿ ದಾಟಿ ಕಿರೀಟ ಮುಟ್ಟಿತ್ತು.

“ನೀನ್ಯಾವಾಗ ಬಂದಿದ್ದೆ ಇಲ್ಗೆ?” ಎಂದಳು ಪಿಳ್ಳಮ್ಮ ಗಂಡನನ್ನು ನೋಡಿ.

“ನಾನ್ ಬಂದಿಲ್ಲ ಕಣೇ” ಎಂದ ನಲ್ಲಪ್ಪ.

ಅವಳು ಫ್ಲಾಸ್ಕಿನ ಮುಚ್ಚಳ ತಿರುಗಿಸುವಷ್ಟರಲ್ಲಿ ಎದುರು ಬಾಗಿಲಿನ ಹೆಂಗಸು ಓಡಿಬಂದಳು. ಈಶ್ವರಮ್ಮ ಅಂತ, ಮೀನು ಮಾರುವವಳು. ಏನು ಮಾಡ್ತಿದ್ದೀರಿ, ಯಾರು ನೀವು ಎಂದು ಜೋರು ಮಾಡಿದಳು. ನಲ್ಲಪ್ಪ ತನಗೆ ಬಂದ ತಮಿಳಿನಲ್ಲಿ ಎಲ್ಲವನ್ನೂ ಹೇಳಿದ. ಈಶ್ವರಮ್ಮನ ದನಿ ಇಳಿಯಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅವಳೂ ಅಲ್ಲೇ ಕೂತಳು.

“ಆ ಬೆಂಗಳೂರು ಹುಡುಗನಾ?” ಎಂದಳು. ಈ ಸಂದಿ ತುಂಬ ಗಂಡಸರು ಉಚ್ಚೆ ಹೊಯ್ದು ಅವಳ ಮನೆಯ ಬಾಗಿಲು ತೆರೆಯುವಂತೆಯೇ ಇರಲಿಲ್ಲವಂತೆ. ದೊಡ್ಡ ಗೋಡೆ ಬರೆಯಲು ಬಂದ ಹುಡುಗರಿಗೆ ಹೇಳಿ ಗೋಳಾಡಿದಳಂತೆ. ಉಳಿದವರು ನಕ್ಕರು. ಇವನೊಬ್ಬ ಮಾತ್ರ, ನಮ್ಮಪ್ಪನ ಹತ್ತಿರ ಇದಕ್ಕೆ ಮದ್ದಿದೆ ಎಂದು, ಕೆಲಸ ಮುಗಿದ ಮೇಲೆ ಕೂತು ಬರೆದುಕೊಟ್ಟನಂತೆ. “ಮೀಸೆ ಸೊಟ್ಟ ಆಗಿದೆ ತಮ್ಮಾ ಅಂದೆ. ಅಳಿಸಿ, ಮತ್ತೂ ಹಾಗೇ ಬರೆದ. ಹೀಗಿದ್ದರೇ ಇವನು ಕೆಲಸ ಮಾಡೋದು ಅಕ್ಕಾ ಅಂದ.” ಆಮೇಲೆ ಯಾರೂ ಅಲ್ಲಿ ನಿಲ್ಲಲಿಲ್ಲ. ಅವಳು ಶುಕ್ರವಾರ ದೀಪ ಇಡತೊಡಗಿದಳು. ಹೊಸ ಬಣ್ಣ ಬಳಿಯುವವರು ಬಂದಾಗ ಕೇರಿಯವರು ಈ ಗೋಡೆಯನ್ನು ಮುಟ್ಟಗೊಡಲಿಲ್ಲ.

ನಲ್ಲಪ್ಪ ಅಷ್ಟು ವರ್ಷದಿಂದ ಅಳದೆ ಇಟ್ಟುಕೊಂಡಿದ್ದುದನ್ನೆಲ್ಲ ಆ ಸಂದಿಯಲ್ಲಿ ಅತ್ತ. ಉಚ್ಚೆ ದೇವರು ಬರೆಯಲ್ಲ ಎಂದವನು ಬರೆದಿದ್ದ. ಅಪ್ಪನ ಹಾಗೆಯೇ ಬರೆದಿದ್ದ. ಮನೆಗೆ ಬಂದು ಹೇಳಿರಲಿಲ್ಲ, ಅಷ್ಟೇ. ಹೇಳಿದ್ದರೆ ಅಪ್ಪ ಮೆರೆದಾಡುತ್ತಾನೆಂದು ಗೊತ್ತಿತ್ತು ಕಳ್ಳನಿಗೆ.

ಆದರೆ ಹಾಲು ತುಪ್ಪ ಅಲ್ಲಿ ಬಿಡುವ ಹಾಗಿರಲಿಲ್ಲ. ಸಾವಿನ ಹಾಲನ್ನು ದೇವರ ಮುಂದೆ ಸುರಿಯಬಾರದು ಎಂಬುದು ಈಶ್ವರಮ್ಮನಿಗೂ ಗೊತ್ತು, ಪಿಳ್ಳಮ್ಮನಿಗೂ ಗೊತ್ತು; ಆ ಮೀಸೆ ಕಂಡ ಗಳಿಗೆಯಲ್ಲಿ ಮರೆತಿದ್ದಳು, ಅಷ್ಟೇ. ಪಿಳ್ಳಮ್ಮ ಬಹಳ ಹೊತ್ತು ಮುನೇಶ್ವರನ ಮುಖವನ್ನೇ ನೋಡಿದಳು. ಆಮೇಲೆ ತಾನಾಗಿಯೇ ಫ್ಲಾಸ್ಕಿನ ಮುಚ್ಚಳ ಬಿಗಿಮಾಡಿ ಎದ್ದಳು.

“ಮಂಜೂ, ಕಾವೇರಿ ಓಗಿ ಸೇರೋದು ಎಲ್ಲಿಗೆ?”

“ಇದೇ ಸಮುದ್ರಕ್ಕೆ ಕಣಮ್ಮಾ.”

“ಅಂಗಾದ್ರೆ ನಡೀರಿ.”

ಹೊರಡುವ ಮುನ್ನ ಈಶ್ವರಮ್ಮ ಒಳಗೆ ಹೋಗಿ, ದೋಣಿಗೆ ಬಳಿದು ಮಿಕ್ಕಿದ್ದ ಕಪ್ಪು ಬಣ್ಣದ ಡಬ್ಬಿಯನ್ನೂ ಒಂದು ಬ್ರಶ್ಶನ್ನೂ ತಂದಳು. ದೇವರು ಮಾಸಿದ್ದಾನೆ, ನೀವು ಅದೇ ಕೆಲಸದವರಲ್ಲವೇ, ಒಂದು ಕೈ ಆಡಿಸಿ ಎಂದಳು. ನಲ್ಲಪ್ಪ ಕುಕ್ಕರಗಾಲಲ್ಲಿ ಕೂತ. ಹುಬ್ಬು ತೀಡಿದ, ಕತ್ತಿಯ ಅಂಚು ಎಳೆದ, ಎಡಮೀಸೆ ತುಂಬಿದ.

“ಹಾಗೇ ಬಲಮೀಸೆ ನೆಟ್ಟಗೆ ಮಾಡಿಬಿಡಿ” ಎಂದಳು ಈಶ್ವರಮ್ಮ.

ಅವನು ಎಡಗೈಯನ್ನು ಗೋಡೆಗೆ ಊರಿದ. ಜೀವಮಾನದಲ್ಲಿ ಮೊದಲ ಸಲ ಆ ಗೆರೆಯನ್ನು ಬೇಕೆಂದೇ ಎಳೆಯುತ್ತಿದ್ದ. ಮಗ ಎಳೆದ ಗೆರೆಯ ಮೇಲೆಯೇ, ಒಂದು ಕೂದಲಷ್ಟೂ ಆಚೆ ಈಚೆ ಹೋಗದೆ, ಕಿವಿ ದಾಟಿಸಿ ಕಿರೀಟದವರೆಗೆ.

“ಬೇಡಮ್ಮ. ನಮ್ಮನೇಲಿ ಬರೆಯೋದೇ ಇಂಗೆ” ಎಂದ.

ಸಮುದ್ರದ ಹತ್ತಿರ ಆ ಹೊತ್ತಿನಲ್ಲಿ ಜನ ಇರಲಿಲ್ಲ. ಬಾಟಲಿಯೊಳಗೆ ಗಟ್ಟಿಯಾಗಿದ್ದ ತುಪ್ಪ ಬಿಸಿಲಿಗೆ ಕರಗಿತ್ತು. ಮೂವರೂ ಮೊಳಕಾಲುದ್ದ ನೀರಿಗಿಳಿದರು. ಪಿಳ್ಳಮ್ಮ ಮೊದಲು ಹಾಲು ಬಿಟ್ಟಳು, ಆಮೇಲೆ ತುಪ್ಪ. ಎಗ್ ಪಫ್ಸನ್ನು ಅಲೆ ಎಳೆದುಕೊಂಡು ಹೋಯಿತು. “ಕುಡ್ಕೋ ನನ್ನಪ್ಪಾ, ತಣ್ಣಗಿರು” ಎಂದಳು, ಮತ್ತು ಅಂದಿನಿಂದ ಆ ಬಾಯಾರಿಕೆಯ ಮಾತನ್ನು ಅವಳು ಮತ್ತೆ ಆಡಲಿಲ್ಲ. ಆಮೇಲೆ ತಲೆಯವರೆಗೆ ಮುಳುಗಿ ಎದ್ದಳು, ಮಗಳೂ ಮುಳುಗಿದಳು.

ನಲ್ಲಪ್ಪನೂ ಮುಳುಗಿದ. ಬಲಗೈಯ ಬೆರಳಿಗೆ ಮೀಸೆಯ ಕಪ್ಪು ಅಂಟಿತ್ತು. ಮರಳಿನಲ್ಲಿ ಉಜ್ಜಿದರೆ ಹೋಗುತ್ತದೆ ಎಂದಳು ಮಂಜುಶ್ರೀ. ಇರಲಿ ಬಿಡು ಎಂದು ಅವನು ಕೈಯನ್ನು ಹಿಂದಕ್ಕೆಳೆದುಕೊಂಡ.